“ನಾಳಿಂದ ಬರಬ್ಯಾಡ” ಅಂದರೆ ಏನು ಮಾಡಬೇಕು? ಕೆಲಸ ಕಳೆದುಕೊಂಡವರಿಗೆ ಹಂತ ಹಂತದ ದಾರಿ

ದಾವಣಗೆರೆಯಲ್ಲಿ ಕಾರ್ಮಿಕರಿಗೆ ಅರ್ಜಿ ಬರೆದುಕೊಡುವ ನನಗೆ ವಾರಕ್ಕೆ ನಾಲ್ಕಾರು ಸಲ ಕೇಳಿಬರುವ ಪ್ರಶ್ನೆ ಒಂದೇ. “ಸರ್, ಮೊನ್ನೆ ಗೇಟಿನಲ್ಲೇ ನಿಲ್ಲಿಸಿ ನಾಳಿಂದ ಬರಬ್ಯಾಡ ಅಂದ್ರು. ಕಾಗದ ಏನೂ ಕೊಟ್ಟಿಲ್ಲ. ಎರಡು ತಿಂಗಳ ಪಗಾರ ಬರಬೇಕು. ಏನ್ ಮಾಡ್ಲಿ?” ಕೇಳುವವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿರಬಹುದು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರಿರಬಹುದು, ಮಂಡಿಪೇಟೆಯ ಅಂಗಡಿಯಲ್ಲಿ ಹತ್ತು ವರ್ಷ ಲೆಕ್ಕ ಬರೆದವರಿರಬಹುದು.

ಈಗ ಇದನ್ನು ಬರೆಯಲು ಇನ್ನೊಂದು ಕಾರಣವಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಂಹಿತೆ ಅಂದರೆ ಹಲವು ಕಾಯಿದೆಗಳನ್ನು ಒಟ್ಟುಗೂಡಿಸಿದ ಒಂದು ಕಾಯಿದೆ. 29 ಹಳೆಯ ಕಾಯಿದೆಗಳು ಹೋಗಿ ವೇತನ ಸಂಹಿತೆ, ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿವೆ. ಅದರೊಂದಿಗೆ ಗಡುವುಗಳೂ ಬದಲಾಗಿವೆ. ಹತ್ತಿ ಗಿರಣಿ ಕಾಲದ ಹಿರಿಯರು “ಮೂರು ವರ್ಷ ಟೈಮ್ ಐತಿ ಬಿಡಪ್ಪ” ಎಂದು ಧೈರ್ಯ ಹೇಳುತ್ತಾರೆ. ಅವರ ಕಾಲಕ್ಕೆ ಅದು ಸರಿ ಇತ್ತು, ಈಗ ಅದನ್ನು ನಂಬಿ ಕೂತರೆ ಕೇಸು ಹಾಕುವ ಮೊದಲೇ ಸೋತಂತೆ.

ನಿಮ್ಮನ್ನು ತೆಗೆದದ್ದು ನವೆಂಬರ್ 21ಕ್ಕೆ ಮೊದಲಾದರೆ ಹಳೆ ಕಾಯಿದೆಯ ಲೆಕ್ಕವೂ ಬರುತ್ತದೆ. ಆ ತಾರೀಕನ್ನು ಮೊದಲು ವಕೀಲರಿಗೆ ಹೇಳಿ. ಕೆಳಗಿನದ್ದು ಅದರ ನಂತರದವರಿಗೆ.

1. ಮೊದಲ ಎರಡು ದಿನ

ಮರುದಿನ ನಿಮ್ಮ ಪಾಳಿಯ ಹೊತ್ತಿಗೆ ಸರಿಯಾಗಿ ಗೇಟಿಗೆ ಹೋಗಿ. “ಬೇಡ ಅಂದ ಮೇಲೆ ಯಾಕೆ ಹೋಗಬೇಕು, ಮಾನ ಹೋಗುತ್ತದೆ” ಅನ್ನುವವರೇ ಹೆಚ್ಚು. ಆದರೆ ಮುಂದೆ ಮಾಲೀಕರ ಕಡೆಯಿಂದ ಬರುವ ಉತ್ತರ ಹತ್ತರಲ್ಲಿ ಎಂಟು ಸಲ ಒಂದೇ ಆಗಿರುತ್ತದೆ: “ನಾವು ತೆಗೆದಿಲ್ಲ, ಅವನೇ ಬಿಟ್ಟು ಹೋದ.” ಆ ಮಾತನ್ನು ಅಲ್ಲಗಳೆಯಲು ನೀವು ಮತ್ತೆ ಹೋಗಿದ್ದೀರಿ ಎನ್ನುವುದಕ್ಕೆ ಗುರುತು ಬೇಕು. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಗೇಟಿನ ಮುಂದೆ ನಿಂತು ಒಂದು ಫೋಟೋ ತೆಗೆದುಕೊಳ್ಳಿ. ಮೇಸ್ತ್ರಿಗೋ ಎಚ್‌ಆರ್‌ಗೋ ವಾಟ್ಸಾಪಿನಲ್ಲಿ “ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ” ಎಂದು ಒಂದು ಸಾಲು ಹಾಕಿ. ಜಗಳ ಬೇಡ, ಕೂಗಾಟ ಬೇಡ. ಕೂಗಿದ ವಿಡಿಯೊ ಮುಂದೆ ನಿಮ್ಮ ಮೇಲೆಯೇ ದುರ್ನಡತೆಯ ಸಾಕ್ಷಿಯಾಗುತ್ತದೆ.

ಒಂದು ವೇಳೆ ನೀವು ನಿಜವಾಗಿಯೂ ಕೆಲವು ದಿನ ಗೈರುಹಾಜರಾಗಿದ್ದರೂ, ವಿಚಾರಣೆಯಿಲ್ಲದೆ “ಗೈರಾದ, ಹೆಸರು ಹೊಡೆದೆವು” ಎನ್ನುವಂತಿಲ್ಲ. 1993ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಸಹಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. “ಲೆಕ್ಕ ಮಾಡಿ ಕೊಡ್ತೀವಿ, ಇಲ್ಲೊಂದು ಸೈನ್ ಹಾಕು” ಎಂದು ಮುಂದಿಡುವ ಇಂಗ್ಲಿಷ್ ಕಾಗದ ಬಹಳ ಸಲ ರಾಜೀನಾಮೆ ಪತ್ರವೇ ಆಗಿರುತ್ತದೆ. ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳ ಕೈಯಲ್ಲಿದ್ದ ಪ್ರತಿಯಲ್ಲಿ, ಅವರಿಗೆ ಓದಲು ಬಾರದ ಭಾಷೆಯಲ್ಲಿ, “ವೈಯಕ್ತಿಕ ಕಾರಣದಿಂದ ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ, ನನಗೆ ಬರಬೇಕಾದದ್ದೆಲ್ಲ ಬಂದಿದೆ” ಎಂದಿತ್ತು. ಬಂದದ್ದು ಹನ್ನೊಂದು ದಿನದ ಪಗಾರ ಮಾತ್ರ. ಓದಲಾಗದ್ದಕ್ಕೆ ಸಹಿ ಬೇಡ. “ಮನೆಗೆ ಒಯ್ದು ಓದಿಸಿ ತರ್ತೀನಿ” ಅನ್ನಿ. ಈಗಾಗಲೇ ಹಾಕಿಬಿಟ್ಟಿದ್ದರೆ ಒಂದೆರಡು ದಿನದೊಳಗೆ “ಒತ್ತಾಯದಿಂದ ಪಡೆದ ಸಹಿ, ಒಪ್ಪಿಲ್ಲ” ಎಂದು ಲಿಖಿತವಾಗಿ ತಿಳಿಸಿ. ಆರು ತಿಂಗಳಾದ ಮೇಲೆ ಒತ್ತಾಯ ಇತ್ತು ಎಂದರೆ ಯಾರೂ ನಂಬುವುದಿಲ್ಲ.

2. ಕಾಗದದ ಕಟ್ಟು

ನೇಮಕಾತಿ ಪತ್ರ ಇದ್ದರೆ ಒಳ್ಳೆಯದು. ಎಲ್ಲ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕು ಎಂದು ಹೊಸ ಸುರಕ್ಷತಾ ಸಂಹಿತೆ ಹೇಳುತ್ತದೆ, ಆದರೆ ನಮ್ಮ ಕಡೆ ಅದು ಕೈಯಲ್ಲಿರುವವರು ಅಪರೂಪ. ಇಲ್ಲದಿದ್ದರೆ ಕೇಸು ಮುಗಿಯಿತು ಎಂದುಕೊಳ್ಳಬೇಡಿ, ಬೇರೆ ಗುರುತುಗಳಿವೆ.

ಪಿಎಫ್ ಪಾಸ್‌ಬುಕ್ಕನ್ನು ಮೊದಲು ತೆಗೆಸಿ. ಯುಎಎನ್, ಅಂದರೆ ನಿಮ್ಮ ಪಿಎಫ್ ಖಾತೆಯ ಕಾಯಂ ಸಂಖ್ಯೆ, ಗೊತ್ತಿದ್ದರೆ ಉಮಂಗ್ ಆ್ಯಪಿನಲ್ಲೇ ಸಿಗುತ್ತದೆ. ಅದರಲ್ಲಿ ಸಂಸ್ಥೆಯ ಹೆಸರು, ಪ್ರತಿ ತಿಂಗಳು ಕಟ್ಟಿದ ಹಣ ಎರಡೂ ಇರುತ್ತವೆ. ಯಾವ ವಕೀಲನೂ ಸುಲಭವಾಗಿ ಅಲ್ಲಗಳೆಯಲಾಗದ ಕಾಗದ ಅದು. ಬ್ಯಾಂಕಿನಲ್ಲಿ ಪಗಾರ ಜಮಾ ಆದ ಪುಟಗಳು, ಇಎಸ್‌ಐ ಕಾರ್ಡು, ನಿಟುವಳ್ಳಿಯ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಿಕೊಂಡ ಚೀಟಿ, ಗುರುತಿನ ಚೀಟಿ, ಬೋನಸ್ ಕೊಟ್ಟ ಲಕೋಟೆ, ಪಾಳಿ ಹಾಕುವ ವಾಟ್ಸಾಪ್ ಗುಂಪಿನ ಸಂದೇಶಗಳು ಎಲ್ಲವೂ ಬೇಕು. ಕೆಲಸ ಬಿಡಿಸಿದ ಕೂಡಲೇ ಗುಂಪಿನಿಂದ ತೆಗೆದುಹಾಕುತ್ತಾರೆ, ಆದ್ದರಿಂದ ಅವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಿಡಿಸಿದವರಿಗೆ ಸಿಗುವ ರಕ್ಷಣೆಗಳಲ್ಲಿ ಹಲವು, ಒಂದು ವರ್ಷದ ಸತತ ಸೇವೆ ಇದ್ದವರಿಗೆ ಮಾತ್ರ. ಅದರ ಅಳತೆ 12 ತಿಂಗಳಲ್ಲಿ 240 ದಿನದ ಕೆಲಸ. ನಮ್ಮ ರಾಜ್ಯದ ಅರಣ್ಯ ಇಲಾಖೆಯ ಒಂದು ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, 240 ದಿನ ದುಡಿದದ್ದನ್ನು ತೋರಿಸುವ ಹೊಣೆ ಕಾರ್ಮಿಕನದ್ದೇ, ಬರೀ ಅವನ ಅಫಿಡವಿಟ್ ಸಾಲದು. ಹಾಜರಿ ಪುಸ್ತಕ ಇರುವುದು ಮಾಲೀಕರ ಬೀರುವಿನಲ್ಲಿ, ರುಜುವಾತು ಮಾಡಬೇಕಾದದ್ದು ನೀವು. ನ್ಯಾಯವೇ ಎಂದು ಕೇಳಿದರೆ ನನಗೂ ಉತ್ತರವಿಲ್ಲ. ಆದರೆ ಮಸ್ಟರ್, ಅಂದರೆ ಆ ಹಾಜರಿ ಪುಸ್ತಕ, ತರಿಸಿ ಎಂದು ನ್ಯಾಯಾಲಯವನ್ನು ಕೇಳುವ ಹಕ್ಕು ನಿಮಗಿದೆ. ಹಾಗೆ ಕೇಳಿದ ಅರ್ಜಿ ಕಡತದಲ್ಲಿರಲಿ.

ಫೋನಿನಲ್ಲಿ ರೆಕಾರ್ಡ್ ಮಾಡಿದ ಮಾತು ಇದ್ದರೆ ಆ ಫೋನನ್ನು ಮಾರಬೇಡಿ, ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಸಾಕ್ಷ್ಯದ ಜೊತೆಗೆ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಮೂಲ ಫೋನ್ ಇದ್ದರೆ ಆ ಕೆಲಸ ಹಗುರ.

3. ನಿಮ್ಮದು ಯಾವ ಬಾಗಿಲು?

ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಎಂಟು ತಿಂಗಳು ಕಳೆದವರನ್ನು ನೋಡಿದ್ದೇನೆ. ಮೊದಲು ಇದನ್ನು ಖಚಿತಪಡಿಸಿಕೊಳ್ಳಿ.

ಕಾರ್ಖಾನೆ, ಮಿಲ್ಲು, ಮಂಡಕ್ಕಿ ಭಟ್ಟಿ, ಖಾಸಗಿ ಆಸ್ಪತ್ರೆ, ಗೋದಾಮುಗಳಿಗೆ ರಾಜ್ಯದ ಕಾರ್ಮಿಕ ಇಲಾಖೆ. ಗಣಿ, ರೈಲ್ವೆ, ಬ್ಯಾಂಕುಗಳದ್ದು ಕೇಂದ್ರದ ವ್ಯಾಪ್ತಿ. ಭೀಮಸಮುದ್ರ, ಹೊಸದುರ್ಗ ಕಡೆಯ ಅದಿರು ಗಣಿಯವರು ಚಿತ್ರದುರ್ಗದ ಕಾರ್ಮಿಕ ಕಚೇರಿಗೆ ಹೋಗಿ ಬರಿಗೈಲಿ ಮರಳುವುದು ಇದೇ ಕಾರಣಕ್ಕೆ. ಅವರು ಕೇಂದ್ರ ಕಾರ್ಮಿಕ ಆಯುಕ್ತರ ಕಡೆ ಹೋಗಬೇಕು, ಅದಕ್ಕೆ ‘ಸಮಾಧಾನ್’ ಎಂಬ ಆನ್‌ಲೈನ್ ಪೋರ್ಟಲ್ ಇದೆ.

ಅಂಗಡಿ, ಹೋಟೆಲು, ಫೈನಾನ್ಸ್ ಕಚೇರಿಯವರಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961 ಇನ್ನೂ ಜೀವಂತವಾಗಿದೆ. ರಾಜ್ಯದ ಕಾಯಿದೆಯಾದ್ದರಿಂದ ಹೊಸ ಸಂಹಿತೆಗಳು ಅದನ್ನು ನುಂಗಿಲ್ಲ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು ಅದರ 39ನೇ ಕಲಮು ಹೇಳುತ್ತದೆ. ಮೇಲ್ಮನವಿಗೂ ಅಲ್ಲೇ ಅವಕಾಶವಿದೆ. ಅದರ ಅವಧಿ ಚಿಕ್ಕದು, ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ಇನ್ನು ‘ಕಾರ್ಮಿಕ’ ಯಾರು ಎನ್ನುವ ಪ್ರಶ್ನೆ. ಮ್ಯಾನೇಜರ್ ಕೆಲಸದವರು ಕೈಗಾರಿಕಾ ಸಂಬಂಧಗಳ ಸಂಹಿತೆಯ ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಮೇಲ್ವಿಚಾರಣೆ ಮಾಡುವವರಿಗೆ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನವಿದ್ದರೆ ಅವರೂ ಹೊರಗೆ. ಆದರೆ ಹೆಸರಿಗೆ ‘ಸೂಪರ್‌ವೈಸರ್’ ಎಂದು ಬರೆದು ದಿನವಿಡೀ ಪ್ಯಾಕಿಂಗ್ ಮಾಡಿಸಿದ್ದರೆ ನೋಡಬೇಕಾದದ್ದು ಮಾಡಿದ ಕೆಲಸವನ್ನೇ ಹೊರತು ಹುದ್ದೆಯ ಹೆಸರನ್ನಲ್ಲ. ನೀವು ಏನೇನು ಮಾಡುತ್ತಿದ್ದಿರಿ ಎಂದು ಒಂದು ಪುಟ ಬರೆದಿಡಿ.

ಗುತ್ತಿಗೆದಾರನ ಕೈಕೆಳಗೆ ಇದ್ದವರು ಗುತ್ತಿಗೆದಾರ, ಮೂಲ ಮಾಲೀಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಗುತ್ತಿಗೆದಾರ ಪಗಾರ ಕೊಡದೆ ಕೈಯೆತ್ತಿದರೆ ಮೂಲ ಮಾಲೀಕನೇ ಕೊಡಬೇಕು.

ಊಟ, ದಿನಸಿ ತಲುಪಿಸುವ ಹುಡುಗರು ಈಚೆಗೆ “ಐಡಿ ಬ್ಲಾಕ್ ಮಾಡ್ಯಾರ” ಎಂದು ಬರುತ್ತಿದ್ದಾರೆ. ಅವರಿಗೆ ಕರ್ನಾಟಕದ್ದೇ ಆದ 2025ರ ಗಿಗ್ ಕಾರ್ಮಿಕರ ಕಾಯಿದೆ ಇದೆ. ಲಿಖಿತ ಕಾರಣ ಮತ್ತು 14 ದಿನದ ಮುಂಚಿತ ನೋಟಿಸ್ ಇಲ್ಲದೆ ಕಂಪನಿ ಅವರನ್ನು ಕೈಬಿಡುವಂತಿಲ್ಲ. ಆ್ಯಪ್ ತೆರೆದಾಗ ಬರುವ ಬ್ಲಾಕ್ ಸಂದೇಶದ ಸ್ಕ್ರೀನ್‌ಶಾಟೇ ಅವರ ಮೊದಲ ದಾಖಲೆ.

4. ಮಾಲೀಕರಿಗೆ ಒಂದು ಪತ್ರ

ನೇರ ಕಚೇರಿಗೆ ಓಡುವ ಮೊದಲು ಇದನ್ನು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಬಯ್ಗುಳ ಬೇಡ, ಇತಿಹಾಸ ಬೇಡ. ನಾನು ಬರೆದುಕೊಡುವುದು ಹೀಗೆ:

“ನಾನು 2018ರ ಜೂನ್‌ನಿಂದ ನಿಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಂಥ ದಿನಾಂಕ ಬೆಳಗ್ಗೆ 9 ಗಂಟೆಗೆ ಗೇಟಿನಲ್ಲಿ ನನ್ನನ್ನು ತಡೆದು, ಯಾವುದೇ ಲಿಖಿತ ಆದೇಶ ಕೊಡದೆ, ಕೆಲಸಕ್ಕೆ ಬರಬೇಡ ಎಂದು ತಿಳಿಸಲಾಯಿತು. ಮರುದಿನವೂ ಬಂದೆ, ಒಳಗೆ ಬಿಡಲಿಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸ ಬಿಟ್ಟಿಲ್ಲ, ಈಗಲೂ ಕೆಲಸಕ್ಕೆ ಸಿದ್ಧನಿದ್ದೇನೆ. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಇಲ್ಲವಾದರೆ ತೆಗೆದ ಕಾರಣವನ್ನು ಲಿಖಿತವಾಗಿ ತಿಳಿಸಿ, ಇಂತಿಂಥ ತಿಂಗಳ ಬಾಕಿ ವೇತನ ಕೊಡಬೇಕು.”

ಇದರಲ್ಲಿ “ಈಗಲೂ ಕೆಲಸಕ್ಕೆ ಸಿದ್ಧನಿದ್ದೇನೆ” ಎನ್ನುವ ಮಾತನ್ನು ಬಿಡಲೇಬೇಡಿ.

ಅಂಚೆಯ ವಿಷಯದಲ್ಲೂ ಬದಲಾವಣೆಯಿದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಈಗ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ತಲುಪಿದ್ದಕ್ಕೆ ಪುರಾವೆ ಬೇಕು ಎಂದು ಹೇಳಿ. ರಸೀದಿಯ ಮಸಿ ಒಂದು ಬೇಸಿಗೆಗೇ ಅಳಿಸಿಹೋಗುತ್ತದೆ, ಅವತ್ತೇ ಝೆರಾಕ್ಸ್ ಮಾಡಿಸಿ. ಮಾಲೀಕರು ತೆಗೆದುಕೊಳ್ಳದೆ ವಾಪಸ್ ಬಂದ ಲಕೋಟೆಯನ್ನು ಒಡೆಯಬೇಡಿ. ಒಡೆಯದ ಲಕೋಟೆ ಒಳ್ಳೆಯ ಸಾಕ್ಷಿ.

5. ಎಷ್ಟು ಬರಬೇಕು, ಲೆಕ್ಕ ಹಾಕಿ

“ನನಗೆ ನ್ಯಾಯ ಕೊಡಿಸಿ” ಎಂದು ಬರೆದ ಅರ್ಜಿಗಿಂತ “ನನಗೆ ಇಷ್ಟು ರೂಪಾಯಿ ಬರಬೇಕು” ಎಂದು ಬರೆದ ಅರ್ಜಿ ಬೇಗ ಓಡುತ್ತದೆ.

ಬಾಕಿ ಪಗಾರ: ತೆಗೆದರೂ ಸರಿ, ನೀವೇ ರಾಜೀನಾಮೆ ಕೊಟ್ಟರೂ ಸರಿ, ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಇದು ವೇತನ ಸಂಹಿತೆಯ 17ನೇ ಕಲಮು. “ಮುಂದಿನ ತಿಂಗಳ ಬಟವಾಡೆ ದಿನ ಬಾ” ಎನ್ನುವುದು ಇನ್ನು ನಡೆಯುವುದಿಲ್ಲ. ಹೆಚ್ಚುವರಿ ದುಡಿಮೆಗೆ, ಅಂದರೆ ಓಟಿಗೆ, ಇಮ್ಮಡಿ ದರ.

ನೋಟಿಸ್ ಹಣ ಮತ್ತು ಪರಿಹಾರ: ತಪ್ಪೇನಿಲ್ಲದೆ ಕೆಲಸ ಕಡಿಮೆಯೆಂದು ತೆಗೆಯುವುದಕ್ಕೆ ‘ರಿಟ್ರೆಂಚ್‌ಮೆಂಟ್’ ಎನ್ನುತ್ತಾರೆ. ಒಂದು ವರ್ಷದ ಸತತ ಸೇವೆ ಇದ್ದವರಿಗೆ ತಿಂಗಳ ನೋಟಿಸ್ ಅಥವಾ ಅಷ್ಟು ಹಣ, ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ವೇತನ ಸಿಗಬೇಕು. ಇದಲ್ಲದೆ ಮರುಕೌಶಲ್ಯ ನಿಧಿ ಎಂಬ ಹೊಸ ಬಾಬತ್ತಿನಲ್ಲಿ 15 ದಿನದ ವೇತನವನ್ನು 45 ದಿನದೊಳಗೆ ಕಾರ್ಮಿಕನ ಖಾತೆಗೆ ಹಾಕಬೇಕು ಎಂದು ಸಂಹಿತೆ ಹೇಳುತ್ತದೆ. ಕರಾರಿನ ಅವಧಿ ಮುಗಿದು ಹೊರಬಂದವರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ನಿಮ್ಮದು ‘ನಿಗದಿತ ಅವಧಿ’ಯ ನೇಮಕವೇ ಎಂದು ಕಾಗದದಲ್ಲಿ ನೋಡಿ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಹಣ: ಐದು ವರ್ಷ ಸೇವೆ ಇದ್ದರೆ ಬರುತ್ತದೆ. ನಿಗದಿತ ಅವಧಿಯ ನೌಕರರಿಗೆ ಈಗ ಒಂದು ವರ್ಷವಾದರೂ ಸಾಕು. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ವೇತನ 14,300, ಸೇವೆ 7 ವರ್ಷ 8 ತಿಂಗಳು ಅಂದುಕೊಳ್ಳಿ. ಆರು ತಿಂಗಳು ದಾಟಿದ್ದರಿಂದ ಎಂಟು ವರ್ಷವೆಂದೇ ಲೆಕ್ಕ. 14,300ನ್ನು 26ರಿಂದ ಭಾಗಿಸಿದರೆ 550, ಹದಿನೈದು ದಿನಕ್ಕೆ 8,250, ಎಂಟು ವರ್ಷಕ್ಕೆ 66,000 ರೂಪಾಯಿ.

ಇಲ್ಲೊಂದು ಒಳಸುಳಿ ಇದೆ. ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಜಾಸ್ತಿ ತೋರಿಸುವುದು ನಮ್ಮಲ್ಲಿ ಹಳೆಯ ಚಾಳಿ. ಹೊಸ ವ್ಯಾಖ್ಯೆಯಂತೆ ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ್ದು ವೇತನಕ್ಕೆ ಸೇರುತ್ತದೆ. ಬೇಸಿಕ್ 7,000, ಮನೆ ಬಾಡಿಗೆ, ಪ್ರಯಾಣ ಎಂದೆಲ್ಲ 11,000, ಒಟ್ಟು 18,000 ಇದ್ದರೆ ವೇತನ 7,000 ಅಲ್ಲ, 9,000. ಗ್ರಾಚ್ಯುಟಿಗೆ ಕೂರಿಸುವುದು ಈ ಅಂಕಿಯನ್ನೇ.

“ಕಳ್ಳತನ ಮಾಡಿದ, ಗ್ರಾಚ್ಯುಟಿ ಇಲ್ಲ” ಎಂದರೆ? ಬಾಯಲ್ಲಿ ಹೇಳಿ ತಡೆಯುವಂತಿಲ್ಲ. ಆರೋಪಪಟ್ಟಿ ಕೊಡಬೇಕು, ವಿಚಾರಣೆ ನಡೆಸಬೇಕು. ಆದರೆ ನೈತಿಕ ಅಧಃಪತನದ ಕೃತ್ಯವೆಂದು ಇಲಾಖಾ ವಿಚಾರಣೆಯಲ್ಲಿ ಸಾಬೀತಾದರೆ ಕ್ರಿಮಿನಲ್ ಕೋರ್ಟಿನ ಶಿಕ್ಷೆ ಇಲ್ಲದೆಯೂ ಗ್ರಾಚ್ಯುಟಿ ತಡೆಯಬಹುದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಾಗಿ ವಿಚಾರಣೆಯ ನೋಟಿಸ್ ಬಂದರೆ “ಅವರ ನಾಟಕ” ಎಂದು ತಪ್ಪಿಸಿಕೊಳ್ಳಬೇಡಿ. ಹೋಗಿ, ಉತ್ತರ ಬರೆದುಕೊಡಿ. ವಿಚಾರಣೆ ಬಾಕಿಯಿಟ್ಟು ಅಮಾನತು ಮಾಡಿದ್ದರೆ ಮೊದಲ 90 ದಿನ ಅರ್ಧ ವೇತನವನ್ನು ಜೀವನಾಧಾರ ಭತ್ಯೆಯಾಗಿ ಕೊಡಬೇಕು.

6. ಅರ್ಜಿ: ಒಂದೇ ಅಲ್ಲ, ಬೇರೆ ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. ಪಗಾರ ಬಾಕಿ, ಕೆಲಸದಿಂದ ತೆಗೆದದ್ದು, ಗ್ರಾಚ್ಯುಟಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಅವು ಬೇರೆ ಬೇರೆ ಅಧಿಕಾರದಡಿ ಬರುತ್ತವೆ.

ಹಣದ ಬೇಡಿಕೆಗೆ ಒಂದು ಅರ್ಜಿ. ವೇತನ ಸಂಹಿತೆಯಲ್ಲಿ ಇದಕ್ಕೆ ಮೂರು ವರ್ಷದ ಅವಕಾಶವಿದೆ. ಪಗಾರ ಕೊಟ್ಟಿದ್ದೇವೆ ಎಂದು ತೋರಿಸುವ ಹೊಣೆ ಮಾಲೀಕರದ್ದು, ನಿಮ್ಮದಲ್ಲ. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಸೇರಿಸಿ ಆದೇಶಿಸುವ ಅಧಿಕಾರವೂ ಈ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. ಗ್ರಾಚ್ಯುಟಿಯನ್ನು ಮೊದಲು ಮಾಲೀಕರಿಗೇ ಬರೆದು ಕೇಳಿ. ಕೊಡಬೇಕಾದ ದಿನದಿಂದ 30 ದಿನದಲ್ಲಿ ಬಾರದಿದ್ದರೆ ಅದಕ್ಕೇ ಇರುವ ಪ್ರಾಧಿಕಾರಕ್ಕೆ ಪ್ರತ್ಯೇಕ ಅರ್ಜಿ.

ಕೆಲಸ ಬಿಡಿಸಿದ ತಕರಾರಿಗೆ ಇನ್ನೊಂದು ಅರ್ಜಿ, ಎರಡೂ ಕಡೆಯವರ ನಡುವೆ ರಾಜಿ ಮಾತಾಡಿಸುವ ಸಂಧಾನಾಧಿಕಾರಿಗೆ. ಇದಕ್ಕೆ ಎರಡೇ ವರ್ಷ. ಅದಾದ ಮೇಲೆ ಸಂಧಾನಾಧಿಕಾರಿ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ.

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು ಎಂಬ ನಿಯಮವೂ ಇದೆ. ದೂರಿಗೆ 30 ದಿನದಲ್ಲಿ ಉತ್ತರ ಬರಬೇಕು, ಸಮಾಧಾನವಾಗದಿದ್ದರೆ 60 ದಿನದೊಳಗೆ ಸಂಧಾನಾಧಿಕಾರಿಯ ಹತ್ತಿರ ಹೋಗಬಹುದು. ಒಳಗಿದ್ದುಕೊಂಡೇ ಹೋರಾಡುವವರಿಗೆ ಇದು ಉಪಯೋಗ. ಹೊರಗೆ ಹಾಕಿಸಿಕೊಂಡವರು ಇದನ್ನೇ ನೆಚ್ಚಿ ಕೂರಬೇಡಿ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಕು ಬೀಳುವವರೆಗೆ ಕೌಂಟರು ಬಿಟ್ಟು ಕದಲಬೇಡಿ. “ಇಟ್ಟು ಹೋಗಿ, ಸಾಹೇಬ್ರು ನೋಡ್ತಾರೆ” ಎಂದರೂ ಅಷ್ಟೇ. ನಮೂನೆಗಳು ಹೊಸದಾಗಿವೆ, ಹಳೆಯ ಅಂಗಡಿಯಲ್ಲಿ ಮಾರುವ ಫಾರಂ ಕೊಳ್ಳದೆ ಕಚೇರಿಯಲ್ಲೇ ಕೇಳಿ.

ಪೊಲೀಸ್ ಠಾಣೆಗೆ ಹೋಗಬಹುದೇ ಎಂದು ಕೇಳುತ್ತಾರೆ. ಹೊಡೆದಿದ್ದರೆ, ಬೆದರಿಸಿದ್ದರೆ ಹೋಗಿ. ಪಗಾರಕ್ಕಾಗಿ ಹೋದರೆ ಅರ್ಧ ದಿನ ಹಾಳು.

7. ಸಂಧಾನದ ದಿನ

ಸಂಧಾನಾಧಿಕಾರಿ ನ್ಯಾಯಾಧೀಶರಲ್ಲ. “ಇವರನ್ನು ಕೆಲಸಕ್ಕೆ ತಗೊಳ್ಳಿ” ಎಂದು ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದಷ್ಟೇ ಅವರ ಕೆಲಸ. ಇದು ಗೊತ್ತಿಲ್ಲದೆ ಮೂರನೇ ವಾಯಿದೆಗೆ ಬೇಸತ್ತು, “ಅಲ್ಲೇನೂ ಆಗಲ್ಲ, ಎಲ್ಲ ಒಂದೇ” ಎಂದು ಬಿಟ್ಟುಹೋಗುವವರು ಬಹಳ. ಹಾಗೆ ಬಿಟ್ಟರೆ ಮಾಲೀಕರಿಗೆ ಅನುಕೂಲ. ಪ್ರತಿ ವಾಯಿದೆಗೂ ಹೋಗಿ, ಹಾಜರಿ ಹಾಕಿಸಿ. ಇಲ್ಲಿ ವಕೀಲರು ಪಕ್ಷದ ಪರವಾಗಿ ನಿಲ್ಲುವಂತಿಲ್ಲ, ಹಾಗಾಗಿ ಮಾತು ನೀವೇ ಆಡಬೇಕು ಅಥವಾ ನಿಮ್ಮ ಯೂನಿಯನ್ನಿನವರು ಆಡಬೇಕು. ಸಂಧಾನ 45 ದಿನದಲ್ಲಿ ಮುಗಿಯಬೇಕು ಎಂದು ಸಂಹಿತೆ ಹೇಳುತ್ತದೆ. ದಿನ ಮೀರುತ್ತಿದ್ದರೆ ಒಂದು ನೆನಪಿನ ಪತ್ರ ಕೊಡಿ.

ರಾಜಿಗೆ ಒಪ್ಪುವುದು ಸೋಲಲ್ಲ. ಐವತ್ತೈದು ದಾಟಿದವರಿಗೆ ನಾನೇ ಎಷ್ಟೋ ಸಲ ಒಪ್ಪಿಕೊಳ್ಳಿ ಎಂದಿದ್ದೇನೆ. ಆದರೆ ಒಪ್ಪಂದದ ಕಾಗದದಲ್ಲಿ ಮೊತ್ತ, ಕೊಡುವ ತಾರೀಕು, ಬ್ಯಾಂಕ್ ಖಾತೆ ಬರೆದಿರಬೇಕು. ಪಿಎಫ್, ಗ್ರಾಚ್ಯುಟಿ ಆ ಮೊತ್ತದೊಳಗೋ ಹೊರಗೋ ಎನ್ನುವುದೂ ಸ್ಪಷ್ಟವಾಗಿರಬೇಕು. “ಪೂರ್ಣ ಮತ್ತು ಅಂತಿಮ” ಎಂಬ ಎರಡು ಶಬ್ದ ಕಂಡರೆ ಅದಕ್ಕೆ ಮುಂಚೆ ಏನೇನು ಸೇರಿಸಿದ್ದಾರೆ ಎಂದು ಬೆರಳಿಟ್ಟು ಓದಿಸಿಕೊಳ್ಳಿ.

8. ರಾಜಿ ಮುರಿದರೆ

ಸಂಧಾನ ವಿಫಲವಾಯಿತೆಂಬ ವರದಿ ಕೈಗೆ ಬಂದ ದಿನದಿಂದ 90 ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಮೊದಲಿನಂತೆ ಸರ್ಕಾರ ಪ್ರಕರಣವನ್ನು ಕೋರ್ಟಿಗೆ ಒಪ್ಪಿಸಲಿ ಎಂದು ಕಾಯುವ ಪದ್ಧತಿ ಇಲ್ಲ, ನೀವೇ ಹೋಗಬೇಕು. ಹೊಸ ಮಂಡಳಿಗಳು ಆಗುವವರೆಗೆ ಹಳೆಯ ಕಾರ್ಮಿಕ ನ್ಯಾಯಾಲಯಗಳೇ ಕೆಲಸ ಮುಂದುವರಿಸುವ ವ್ಯವಸ್ಥೆಯಾಗಿದೆ. ನಿಮ್ಮ ಪ್ರಕರಣ ಯಾವ ಊರಿನ ಪೀಠಕ್ಕೆ ಸೇರುತ್ತದೆ ಎನ್ನುವುದನ್ನು ವಿಫಲ ವರದಿ ತೆಗೆದುಕೊಳ್ಳುವಾಗಲೇ ಕೇಳಿ ಬರೆದುಕೊಳ್ಳಿ.

ವಕೀಲರ ಫೀಸಿಗೆ ಹೆದರಿ ನಿಲ್ಲಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವಿದೆ. ದೂರವಾಣಿ 15100.

ಕೇಸು ನಡೆಯುವಾಗ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಬಾರದೆಂದೇನಿಲ್ಲ. ಆದರೆ ಅದನ್ನು ಮುಚ್ಚಿಡಬೇಡಿ. ಹಿಂಬಾಕಿ ವೇತನ ನಿರ್ಧರಿಸುವಾಗ ಈ ನಡುವೆ ಎಷ್ಟು ದುಡಿದಿರಿ ಎಂದು ಕೇಳುತ್ತಾರೆ. ಸುಳ್ಳು ಹೇಳಿ ಪಿಎಫ್ ದಾಖಲೆಯಲ್ಲಿ ಸಿಕ್ಕಿಬಿದ್ದವರ ಉಳಿದ ನಿಜಗಳನ್ನೂ ಆಮೇಲೆ ಯಾರೂ ನಂಬಲಿಲ್ಲ.

9. ಆದೇಶ ಬಂತು, ದುಡ್ಡು ಬರಲಿಲ್ಲ

ಆದೇಶದ ದೃಢೀಕೃತ ಪ್ರತಿ ತೆಗೆದುಕೊಂಡು ಮಾಲೀಕರಿಗೆ ಕಳಿಸಿ. ಕೊಡದಿದ್ದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯ 59ನೇ ಕಲಮಿನಡಿ ವಸೂಲಿಗೆ ಅರ್ಜಿ ಹಾಕಿ. ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಅರ್ಜಿ ಒಪ್ಪಿಗೆಯಾದರೆ ವಸೂಲಾತಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ. ಅಲ್ಲಿಂದ ಅದು ತಹಶೀಲ್ದಾರರ ಮೇಜಿಗೆ ಇಳಿದು, ನಂತರ ಯಾವುದೋ ಕಟ್ಟಿನಡಿ ಮಲಗುತ್ತದೆ. ಪತ್ರದ ಸಂಖ್ಯೆ, ತಾರೀಕು, ಯಾವ ಶಾಖೆಯ ಯಾವ ಗುಮಾಸ್ತರ ಬಳಿ ಇದೆ ಎಂದು ಕೇಳಿ ಬರೆದುಕೊಂಡು ಹದಿನೈದು ದಿನಕ್ಕೊಮ್ಮೆ ಹೋಗಿ ವಿಚಾರಿಸಿ. ಹೋಗುವಾಗ ಮಾಲೀಕರ ಆಸ್ತಿ ಎಲ್ಲಿದೆ, ಬ್ಯಾಂಕ್ ಖಾತೆ ಯಾವ ಶಾಖೆಯಲ್ಲಿದೆ ಎನ್ನುವ ವಿವರ ಒಂದು ಚೀಟಿಯಲ್ಲಿ ಬರೆದುಕೊಡಿ. ನಿಮ್ಮ ಹಳೆಯ ಪಗಾರ ಯಾವ ಖಾತೆಯಿಂದ ಬರುತ್ತಿತ್ತು ಎನ್ನುವುದು ನಿಮ್ಮ ಪಾಸ್‌ಬುಕ್ಕಿನಲ್ಲೇ ಸಿಗಬಹುದು.